ಆಮೇಲೇನಾಯಿತು ಅಂತ ಕೇಳಬಾರದು

ಫೆಬ್ರವರಿ ೩, ಮಂಗಳವಾರ

ದಿನಚರಿ ಬರೆಯಬೇಕೆಂದು ಡಾಕ್ಟರಮ್ಮನ ಅಪ್ಪಣೆಯಾಗಿದೆ. ಮಾತ್ರೆಯಾಗಿದ್ದರೆ ಊಟದ ನಂತರ ನುಂಗಿ ಮರೆಯಬಹುದಿತ್ತು. ನನಗೆ ಆಗಿರುವುದಕ್ಕೆ ಅವರು ಮೊದಲು ಒಂದು ದೊಡ್ಡ ಹೆಸರು ಹೇಳಿದರು, ನನ್ನ ಮುಖ ನೋಡಿ ಸರಳ ಮಾಡಿ, ಬತ್ತಿ ಪೂರ್ತಿ ಉರಿದುಹೋಗಿದೆ ಎಂದರು. ಬತ್ತಿ ಇಟ್ಟವರು ಯಾರು ಎಂದು ಕೇಳಿದೆ. ಅವರು ನಗಲಿಲ್ಲ. ಬರೆದುಕೊಂಡರು.

ಗೊತ್ತಿಲ್ಲದವರಿಗೆ ಹೇಳುವ ಹಾಗೆ ಬರೆಯಬೇಕಂತೆ. ಸರಿ. ನಾನು ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕರೆ ಎತ್ತುವವಳು. ಗಂಡ ಹಲ್ಲಿನ ಸೆಟ್ಟು ಕಟ್ಟುವವನು. ಇಬ್ಬರದೂ ಕರೆಯ ಉದ್ಯೋಗವೇ; ಅವನದು ಹಲ್ಲಿನ ಕರೆ, ಉಜ್ಜಿದರೆ ಹೋಗುತ್ತದೆ. ನನ್ನದು ಕಿವಿಯಲ್ಲಿ ಕೂತುಬಿಡುತ್ತದೆ. ನಮ್ಮ ಮೇಜಿನ ಮೇಲೆ ಪ್ರಶ್ನೆಗಳ ಕಾರ್ಡು ಅಂಟಿಸಿರುತ್ತಾರೆ: ಎಲ್ಲಿದ್ದೀರಿ, ಏನಾಗಿದೆ, ಎಚ್ಚರ ಇದ್ದಾರಾ, ಉಸಿರಾಡುತ್ತಿದ್ದಾರಾ. ಗಾಡಿ ಬಾಗಿಲಿಗೆ ಬಂದ ಕೂಡಲೇ ಲೈನ್ ಕಡಿದು ಮುಂದಿನ ಕರೆ. ಆಮೇಲೇನಾಯಿತು ಅಂತ ಕೇಳಬಾರದು, ಅದು ನಿಯಮ. ಇಷ್ಟು ವರ್ಷ ನಾನು ಕಥೆಗಳ ಮೊದಲ ಪುಟ ಮಾತ್ರ ಓದಿ ಸಂಬಳ ತೆಗೆದುಕೊಂಡವಳು.

ಹೋದ ವಾರ, ನಾನೇ ಬೇಡಿ ಹಾಕಿಸಿಕೊಂಡ ಡಬಲ್ ಪಾಳಿಯ ಕೊನೆಯಲ್ಲಿ, ಒಬ್ಬ ಗಂಡಸು ಹೆಂಡತಿ ಮೆಟ್ಟಿಲಿಂದ ಬಿದ್ದಿದ್ದಾಳೆ ಎಂದ. ವಿಳಾಸ ತೆಗೆದುಕೊಂಡೆ, ಗಾಡಿ ಕಳಿಸಿದೆ. ಮುಂದಿನ ಪ್ರಶ್ನೆಗೆ ಬಾಯಿ ತೆರೆದರೆ ಮಾತಿಲ್ಲ. ಕಾರ್ಡು ಕಾಣುತ್ತಿದೆ, ಅಕ್ಷರ ಕಾಣುತ್ತಿದೆ, ಗಂಟಲಲ್ಲಿ ಏನೂ ಇಲ್ಲ. ಅವನು ಕೇಳಿಸ್ತಿದೆಯಾ ಮೇಡಂ, ಕೇಳಿಸ್ತಿದೆಯಾ ಎನ್ನುತ್ತಲೇ ಇದ್ದ. ಪಕ್ಕದ ಕುರ್ಚಿಯವಳು ನನ್ನ ಹೆಡ್‌ಸೆಟ್ ಕಿತ್ತು ತನ್ನ ಕಿವಿಗೆ ಹಾಕಿಕೊಂಡಳು. ನಾನು ಕಾರಿಡಾರಿಗೆ ಹೋಗಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ ಇನ್ನೊಂದು ಸಿಲಿಂಡರಿನಂತೆ ನಿಂತುಕೊಂಡೆ.

ಈಗ ಒಂದು ತಿಂಗಳು ರಜೆ. ರಜೆಯೋ ಸಜೆಯೋ. ಅದು ಮುಗಿದ ಮೇಲೆ ಮೂವರ ಮುಂದೆ ಕೂತು ಆ ಕರೆಯ ಧ್ವನಿಮುದ್ರಣ ಕೇಳಬೇಕು. ನನ್ನನ್ನು ವಾಪಸ್ ಕುರ್ಚಿಯಲ್ಲಿ ಕೂರಿಸುವುದೋ, ಬ್ಯಾಂಡೇಜು ಎಣಿಸುವ ದಾಸ್ತಾನು ಕೋಣೆಗೆ ಕಳಿಸುವುದೋ ಅಂತ ಅವರು ತೀರ್ಮಾನಿಸುತ್ತಾರೆ. ಗಂಟಲಿನ ದೆಸೆಯಿಂದ ಸೈರನ್ ಎಂದು ಹೆಸರಾದ ನಮ್ಮ ಮೇಲ್ವಿಚಾರಕ ಹೀಗೆ ತಿಳಿಸಿದ್ದಾನೆ. ದಾಸ್ತಾನು ಕೋಣೆಯೇ ಇರಲಿ. ಬ್ಯಾಂಡೇಜು ಮಾತಾಡುವುದಿಲ್ಲ.

ಫೆಬ್ರವರಿ ೫, ಗುರುವಾರ

ಗುರುವಾರ ಸಂಜೆ ನಮ್ಮ ಮನೆಯಲ್ಲಿ ಅತ್ತೆಯ ಬೈಬಲ್ ಅಧ್ಯಯನ. ನಾನು ಗುರುವಾರದ ಪಾಳಿಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದುದು ಯಾಕೆಂದು ಅತ್ತೆಗೂ ಗೊತ್ತು, ನನಗೂ ಗೊತ್ತು, ದೇವರಿಗಂತೂ ಗೊತ್ತೇ ಇದೆ. ನನ್ನ ಬೈಬಲ್ ಪರಿಚಯ, ಮದುವೆಯ ಫೋಟೋದಲ್ಲಿ ಅದನ್ನು ಕೈಯಲ್ಲಿ ಹಿಡಿದಲ್ಲಿಗೆ ಮುಗಿದಿತ್ತು. ಇವತ್ತು ಅಡಗಿಕೊಳ್ಳಲು ಪಾಳಿ ಇಲ್ಲ. ಕುರ್ಚಿ ಹಾಕು ಎಂದರು, ಹಾಕಿದೆ. ಒಂದು ಮಿಕ್ಕಿತು, ಕೂತೆ.

ಬರುವವರು ಇಬ್ಬರೇ. ನಿವೃತ್ತರಾದರೂ ನಕ್ಷೆ ಬಿಡದ ಭೂಗೋಳದ ಮೇಷ್ಟ್ರು, ಹಿಂದಿನ ಬೀದಿಯ ಟೈಲರಮ್ಮ. ಅತ್ತೆಯ ಪದ್ಧತಿಯೇ ಬೇರೆ. ಒಬ್ಬರು ಒಂದು ಅಧ್ಯಾಯ ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಎಲ್ಲರೂ ಪುಸ್ತಕ ಮುಚ್ಚಬೇಕು. ಪಕ್ಕದವರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಉಪದೇಶ ಸೇರಿಸಿದವರಿಗೆ ಚಹಾ ಇಲ್ಲ. ಮುಂದಿನ ಅಧ್ಯಾಯವನ್ನು ಮನೆಯಲ್ಲಿ ಕದ್ದು ಓದುವ ಹಾಗಿಲ್ಲ.

ಇವತ್ತು ರೂತಳ ಪುಸ್ತಕ ಶುರು. ಅತ್ತೆ ಸೊಸೆಯರ ಕಥೆ. ಬೇಕೆಂದೇ ಆರಿಸಿದ್ದಾರೆಂದು ನನ್ನ ಗುಮಾನಿ. ಪರದೇಶಕ್ಕೆ ಹೋದ ಸಂಸಾರದಲ್ಲಿ ಗಂಡಸರೆಲ್ಲ ಸತ್ತು ಮೂವರು ವಿಧವೆಯರು ದಾರಿಯಲ್ಲಿ ನಿಂತಿದ್ದಾರೆ. ಒಬ್ಬ ಸೊಸೆ ತವರಿಗೆ ಹೋದಳು, ಇನ್ನೊಬ್ಬಳು ಅತ್ತೆಯನ್ನು ಬಿಡಲಿಲ್ಲ. ಹೇಳುವ ಸರದಿ ನನಗೇ ಬಂತು.

"ಸ್ಥಳ, ಹೆದ್ದಾರಿ. ಮೂವರು ಹೆಂಗಸರು. ಎಚ್ಚರ ಇದೆ, ಉಸಿರಾಟ ಸರಿ ಇದೆ, ಅಳ್ತಿದ್ದಾರೆ. ಒಬ್ಬರು ಸ್ಥಳದಿಂದ ಹೋದರು. ಹಿರಿಯರು ಕಹಿಯಾಗಿ ಮಾತಾಡ್ತಿದ್ದಾರೆ, ಜೀವಕ್ಕೆ ಅಪಾಯ ಇಲ್ಲ."

ಮೇಷ್ಟ್ರು ನಕ್ಕು ಕನ್ನಡಕ ಒರೆಸಿಕೊಂಡರು. ಅತ್ತೆ ನಗಲಿಲ್ಲ. "ಆಮೇಲೆ?" ಎಂದರು.

"ಆಮೇಲಿಂದು ನಮ್ಮ ವಿಭಾಗಕ್ಕೆ ಬರಲ್ಲ ಅತ್ತೆ."

ಎಲ್ಲರಿಗೂ ಚಹಾ ಬಂತು. ನನಗೂ ಬಂತು; ಕೊನೆಯಲ್ಲಿ, ತಣ್ಣಗೆ.

ಫೆಬ್ರವರಿ ೭, ಶನಿವಾರ

ಕೆಟಲ್ ಶಿಳ್ಳೆ ಹಾಕಿತೆಂದು ಅದನ್ನು ಸಿಂಕಿಗೆ ಎಸೆದೆ. ಗಂಡ ಎತ್ತಿ ಅದರ ಸೊಟ್ಟ ಮೂತಿ ನೋಡಿ, ಇದಕ್ಕೂ ಮುಂದಿನ ಹಲ್ಲು ಕಟ್ಟಬೇಕು ಎಂದ. ನಗು ಬರಲಿಲ್ಲ. ಅವನಿಗೂ ಬರಲಿಲ್ಲ. ಫೋನು ಬೀರುವಿನಲ್ಲಿ ಚಾದರಗಳ ಕೆಳಗಿದೆ. ಅಲ್ಲಿಂದಲೂ ಕೇಳಿಸುತ್ತದೆ, ಬಾರದ ಕರೆ ಕೂಡ.

ವಿಶ್ರಾಂತಿ ಎಂದರೆ ಶ್ರಾಂತಿಗೆ ಒಂದು ವಿ ಸೇರಿಸಿದ್ದು. ಅಷ್ಟೇ.

ಫೆಬ್ರವರಿ ೧೨, ಗುರುವಾರ

ಇವತ್ತು ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ. ಅತ್ತೆಯ ಮುಖ ನೋಡಿದರೆ ತಪ್ಪೇ ಇರಬೇಕು.

ಎರಡನೆಯ ಅಧ್ಯಾಯ. ಸೊಸೆ ಯಾರದೋ ಹೊಲದಲ್ಲಿ ಬಿದ್ದ ತೆನೆ ಆಯಲು ಹೋಗುತ್ತಾಳೆ. ಆ ಜನರಲ್ಲಿ ಒಂದು ಕಟ್ಟಳೆ ಇತ್ತೆಂದು ಮೇಷ್ಟ್ರು ಹೇಳಿದರು: ಹೊಲದ ಯಜಮಾನ ಅಂಚಿನವರೆಗೆ ಕೊಯ್ಯಬಾರದು, ಅಂಚಿನದು, ಕೈಜಾರಿದ್ದು, ಬಡವರಿಗೆ ಮತ್ತು ಪರದೇಶಿಗಳಿಗೆ. ನಾನು ಟೈಲರಮ್ಮನ ಕಡೆ ತಿರುಗಿ, ಬಟ್ಟೆಗೆ ಅಂಚು ಹೊಲಿಯಬೇಕು, ಹೊಲಕ್ಕೆ ಅಂಚು ಬಿಡಬೇಕು ಎಂದೆ. ಆಕೆ ನಕ್ಕರೆಂದೇ ಅಂದುಕೊಂಡೆ.

ಹೇಳುವ ಸರದಿ ಆಕೆಯದು. ಸೊಸೆ ಸಂಜೆ ಕಾಳು ಹೊತ್ತು ಅತ್ತೆಯ ಬಳಿಗೆ ಬಂದಳು ಎಂಬಲ್ಲಿಗೆ ಬಂದು ನಿಂತರು. "ನಾನು ಮನೆಗೆ ಹೋದರೆ ಅಲ್ಲಿ ಮೆಷಿನ್ನಿನ ಸದ್ದು ಕೇಳಿಸಬೇಕಲ್ಲ, ಅದು ಕೇಳಿಸೋವರೆಗೆ ಬೀದಿ ದಾಟೋದು ಆಗಲ್ಲ" ಎಂದು ತಮ್ಮದನ್ನೇ ಶುರುಮಾಡಿದರು. ಆಕೆಯ ಗಂಡನ ಶ್ವಾಸಕೋಶ ಮುಗಿದಿದೆ. ಆಸ್ಪತ್ರೆಯವರು ಆಮ್ಲಜನಕದ ಯಂತ್ರ ಕೊಟ್ಟು ಮನೆಗೆ ಕಳಿಸಿದ್ದಾರೆ. ಹೇಳುತ್ತ ಅತ್ತರು.

ನಾನು ಆಗಲೇ ಕಾರ್ಡಿನ ಪ್ರಶ್ನೆ ಶುರುಮಾಡಿದ್ದೆ. ಈಗ ಅವರ ಜೊತೆ ಯಾರಿದ್ದಾರೆ, ಎಚ್ಚರ ಇದ್ದಾರಾ, ತುಟಿ ಯಾವ ಬಣ್ಣ ಇದೆ. ಟೈಲರಮ್ಮ ಅಳುತ್ತಲೇ ಶಾಲೆಯ ಹುಡುಗಿಯಂತೆ ಒಂದೊಂದಕ್ಕೂ ಉತ್ತರ ಕೊಟ್ಟರು. ಮೇಷ್ಟ್ರು ಎದ್ದು ನೀರು ತಂದು, ಆಕೆಯ ಹೆಗಲ ಮೇಲೆ ಕೈಯಿಟ್ಟರು. ಕೂಡಲೇ ನಾನು ಎದ್ದು ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದು ತೊಳೆಯತೊಡಗಿದೆ. ಗಂಟಲು ಕೈಕೊಡಲಿಲ್ಲವೆಂದು ಒಂದು ಥರದ ಹೆಮ್ಮೆಯೂ ಇತ್ತು.

ಅತ್ತೆ ಹಿಂದೆಯೇ ಬಂದರು. "ಅವಳಿನ್ನೂ ಮಾತಾಡ್ತಿದ್ದಳು. ನೀನು ಎದ್ದು ಬಂದೆ."

"ಮೇಷ್ಟ್ರು ಬಂದರಲ್ಲ ಅತ್ತೆ. ಸಹಾಯ ತಲುಪಿತು."

"ಅವಳೇನು ನಿನ್ನ ಹತ್ತಿರ ಗಾಡಿ ಕೇಳಿದ್ದಳಾ?"

ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಫೆಬ್ರವರಿ ೧೪, ಶನಿವಾರ

ಗಂಡನ ಪ್ಯಾಂಟಿನ ಅಂಚು ಬಿಚ್ಚಿದೆ ಎಂಬ ನೆಪ ಮಾಡಿಕೊಂಡು ಟೈಲರಮ್ಮನ ಅಂಗಡಿಗೆ ಹೋದೆ. ಬಿಚ್ಚಿರಲಿಲ್ಲ, ಹೋಗುವ ಮುಂಚೆ ನಾನೇ ಬಿಚ್ಚಿದೆ. ಅಂಗಡಿಯ ತುಂಬ ಅರ್ಧ ಹೊಲಿದ ಶಾಲಾ ಸಮವಸ್ತ್ರಗಳು ನೇತಾಡುತ್ತಿವೆ, ತಲೆಯಿಲ್ಲದ ಒಂದು ತರಗತಿ. ಪರದೆಯ ಹಿಂದಿನ ಕೋಣೆಯಿಂದ ಯಂತ್ರದ ಗುಂಯ್ ಸದ್ದು.

ಆಕೆ ತಲೆಯೆತ್ತಲಿಲ್ಲ. ಪ್ಯಾಂಟು ಇಸಿದುಕೊಂಡು, ಕತ್ತರಿಯಿಂದ ಬಿಚ್ಚಿದ ದಾರದ ತುದಿ ನೋಡಿ, ಇದು ತಾನಾಗಿ ಬಿಚ್ಚಿದ್ದಲ್ಲ ಎಂದರು. ಮೊನ್ನೆಯದಕ್ಕೆ ಕ್ಷಮಿಸಿ ಎಂದೆ. ಆಕೆ ಪ್ಯಾಂಟನ್ನು ಪಕ್ಕಕ್ಕಿಟ್ಟು ಕೈಯಲ್ಲಿದ್ದ ಸಮವಸ್ತ್ರವನ್ನೇ ಹೊಲಿದರು. ಆಮೇಲೆ, ಬಟ್ಟೆಯನ್ನು ನೋಡುತ್ತಲೇ ಹೇಳಿದರು. ಇನ್ನು ಆಸ್ಪತ್ರೆ ಬೇಡ, ನಳಿಗೆ ಬೇಡ ಎಂದು ಗಂಡ ಮಾತು ತೆಗೆದುಕೊಂಡಿದ್ದಾರೆ. ಮನೆಗೆ ಬಂದು ನೋಡುವ ಡಾಕ್ಟರೂ ಅದಕ್ಕೆ ಒಪ್ಪಿದ್ದಾರೆ.

"ನನಗೆ ಭಯ ಅವರು ಹೋಗೋದಲ್ಲ. ಆ ಹೊತ್ತಿಗೆ ನನ್ನ ಕೈ ತಾನಾಗಿ ನಿಮ್ಮ ನಂಬರ್ ಒತ್ತಿಬಿಡುತ್ತೆ. ಗಾಡಿ ಬಂದುಬಿಡುತ್ತೆ. ಕೊಟ್ಟ ಮಾತು ಹೋಗುತ್ತೆ." ಕಾಲು ಪೆಡಲಿನ ಮೇಲೆ ನಿಂತಿತು. "ಅದಕ್ಕೆ ಆ ನಂಬರಿನ ಬದಲು ನಿನಗೆ ಮಾಡ್ತೀನಿ. ಎತ್ತುತ್ತೀಯಾ?"

ಕಿವಿಯೊಳಗೆ ಗುಂಯ್ ಎಂದದ್ದು ಯಂತ್ರವೋ ನಾನೋ. ಪ್ಯಾಂಟಿನ ಉದ್ದ ಕಡಿಮೆ ಮಾಡಬೇಡಿ, ಅವನಿಗೆ ಇಷ್ಟುದ್ದವೇ ಬೇಕು ಎಂದೆ. ಆಕೆ ನನ್ನನ್ನು ನೋಡಿದರು. ಸೋಮವಾರ ಬಾ ಎಂದರು.

ಫೆಬ್ರವರಿ ೧೭, ಮಂಗಳವಾರ

ಸೋಮವಾರ ಹೋಗಲಿಲ್ಲ.

ಫೋನನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಆಗಲ್ಲ ಎಂದು ಹೇಳಿಬಿಡಲು. ಸಾಲ ಕೇಳಲು ಬಂದ ನೆಂಟನ ಹಾಗೆ ಅದು ಎದುರಿಗೆ ಕೂತಿತು. ಯಾರು ಮೊದಲು ಬಾಯಿ ಬಿಡುತ್ತೇವೋ ಅವರು ಸೋತ ಹಾಗೆ. ಕೈಗೆ ಬೇರೆ ಕೆಲಸ ಬೇಕಿತ್ತು. ಅತ್ತೆಯ ಬೈಬಲ್ ಅಲ್ಲೇ ಇತ್ತು. ಮುಂದಿನ ಅಧ್ಯಾಯ ಓದಬಾರದು, ಹಿಂದಿನದಕ್ಕೆ ನಿಷೇಧವಿಲ್ಲ.

ಮೊದಲ ಅಧ್ಯಾಯದಲ್ಲಿ, ಪುಸ್ತಕದ ಅತ್ತೆ ಬರಿಗೈಯಲ್ಲಿ ಊರಿಗೆ ವಾಪಸಾದಾಗ ಹೆಂಗಸರೆಲ್ಲ ಅವಳ ಸಿಹಿಯಾದ ಹೆಸರು ಹಿಡಿದು ಕರೆಯುತ್ತಾರೆ. ಆ ಹೆಸರು ಬೇಡ, ನನ್ನನ್ನು ಕಹಿ ಎಂದು ಕರೆಯಿರಿ ಎನ್ನುತ್ತಾಳೆ. ತುಂಬಿಕೊಂಡು ಹೋಗಿದ್ದೆ, ಖಾಲಿಯಾಗಿ ಬಂದೆ, ಹೀಗೆ ಮಾಡಿದವನು ದೇವರೇ ಎಂದು ನೇರವಾಗಿ ಹೇಳುತ್ತಾಳೆ. ಅವಳನ್ನು ಯಾರು ಗದರಿದರು ಎಂದು ಹುಡುಕಿದೆ. ಯಾರೂ ಇಲ್ಲ. ದೇವರೂ ಇಲ್ಲ. ನಮ್ಮ ಕಚೇರಿಯಲ್ಲಾದರೆ ಮೆಮೊ ಬರುತ್ತಿತ್ತು. ಅಷ್ಟೆಲ್ಲ ಬೈಸಿಕೊಂಡೂ ಅವನು ಲೈನ್ ಕಡಿದಿಲ್ಲ. ಮುಂದಿನ ಸಾಲಿನಲ್ಲೇ ಸುಗ್ಗಿ ಶುರುವಾಗುತ್ತದೆ.

ನಾನು ಅಂಚಿನವರೆಗೂ ಕೊಯ್ದುಕೊಂಡವಳು. ಡಬಲ್ ಪಾಳಿ ಯಾರೂ ಹೇರಿದ್ದಲ್ಲ, ನಾನೇ ಕೇಳಿದ್ದು. ಹಕ್ಕಿಗೆ ಒಂದು ಕಾಳೂ ಬಿಟ್ಟಿರಲಿಲ್ಲ. ಗಂಡನಿಗೆ ಏನು ಬಿಟ್ಟಿರುತ್ತೇನೆ.

ಮನೆಯಲ್ಲಿ ಯಾರೂ ಇರಲಿಲ್ಲ. ಕೇಳಿಸ್ತಿದೆಯಾ ಎಂದೆ. ಯಾರಿಗೆಂದು ಬರೆಯಲು ನಾಚಿಕೆ. ಮತ್ತೊಮ್ಮೆ ಅಂದೆ. ಉತ್ತರ ಬರಲಿಲ್ಲ. ಲೈನ್ ಸತ್ತ ಸದ್ದೂ ಬರಲಿಲ್ಲ.

ಟೈಲರಮ್ಮನಿಗೆ ನಾಳೆ ಹೇಳುತ್ತೇನೆ.

ಫೆಬ್ರವರಿ ೧೯, ಗುರುವಾರ

ಹೇಳಿಲ್ಲ. ಆಕೆ ಇವತ್ತು ಬರಲೂ ಇಲ್ಲ. ಗಂಡನಿಗೆ ಊಟ ಸೇರುತ್ತಿಲ್ಲವಂತೆ.

ಸೈರನ್ ಸಂದೇಶ ಕಳಿಸಿದ್ದಾನೆ: ಮಾರ್ಚ್ ಎರಡು, ಸೋಮವಾರ ಬೆಳಿಗ್ಗೆ. ಮೂವರ ಮುಂದೆ ಕೂರುವ ದಿನ. ಜ್ವರವಾದರೂ ಬರಲೆಂದು ಥರ್ಮಾಮೀಟರ್ ಇಟ್ಟು ನೋಡಿದೆ. ದುರದೃಷ್ಟ, ಆರೋಗ್ಯವಾಗಿದ್ದೇನೆ.

ಮೂರನೆಯ ಅಧ್ಯಾಯ ಮೇಷ್ಟ್ರು ಓದಿದರು, ಹೇಳಿದ್ದು ನಾನು. ರಾತ್ರಿ ಕಣದಲ್ಲಿ ಸೊಸೆ ಹೋಗಿ ಆ ಹೊಲದ ಯಜಮಾನನ ಕಾಲ ಬಳಿ ಮಲಗುವುದು, ಅವನು ಬೆಚ್ಚಿ ಏಳುವುದು, ಯಾರು ನೀನು ಎನ್ನುವುದು. ಅವಳು ಮುಂಜಾನೆ ಮಡಿಲು ತುಂಬ ಕಾಳು ತಂದರೆ ಅವಳ ಅತ್ತೆ, ಇನ್ನು ಓಡಾಡಬೇಡ ಮಗಳೇ, ಇದು ಎಲ್ಲಿಗೆ ಬಂದು ನಿಲ್ಲುತ್ತದೋ ತಿಳಿಯುವವರೆಗೆ ಕೂತಿರು ಎನ್ನುತ್ತಾಳೆ. ಆ ಹೊತ್ತಿನಲ್ಲಿ ಅವಳಿಗೆ ಕೂತಿರುವುದು ಎಷ್ಟು ಕಷ್ಟವಾಗಿರಬೇಕು ಎಂದು ಏನೇನೋ ಹೇಳಿದೆ. ಉಪದೇಶವಲ್ಲ ತಾನೇ ಎಂದು ಅತ್ತೆಯ ಕಡೆ ನೋಡಿದೆ. ಅವರು ಚಹಾ ಇಡುವುದನ್ನೇ ಮರೆತಿದ್ದರು. ವಯಸ್ಸಾಯಿತು ಪಾಪ.

ಫೆಬ್ರವರಿ ೨೪, ಮಂಗಳವಾರ

ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದೆ. ಫೋನಿನಲ್ಲಿ ಟೈಲರಮ್ಮನ ಹೆಸರು. ಎತ್ತಿದ್ದು ನೆನಪಿಲ್ಲ, ಕಿವಿಯಲ್ಲಿತ್ತು.

"ಅವರ ಉಸಿರು ಬೇರೆ ಥರ ಆಗಿದೆ. ನಿಂತು ನಿಂತು ಬರ್ತಿದೆ. ಆ ನಂಬರ್ ಒತ್ತಿಬಿಡಲಾ?"

ಉಸಿರು ನನಗೂ ಕೇಳುತ್ತಿತ್ತು. ಆ ಉಸಿರು ನನಗೆ ಗೊತ್ತು. ಕಾರ್ಡಿನಲ್ಲಿ ಅದಕ್ಕೆ ಒಂದೇ ಉತ್ತರ, ಗಾಡಿ. ನಾಲಿಗೆಯ ತುದಿಗೆ ವಿಳಾಸದ ಪ್ರಶ್ನೆ ಬಂದು ಕೂತಿತು; ವಿಳಾಸವೋ ನಮ್ಮ ಹಿಂದಿನ ಬೀದಿ. ಗಂಟಲು ಹಿಡಿಯಿತು, ಅದೇ ಜಾಗದಲ್ಲಿ, ಅದೇ ಥರ. ಆಕೆ ಕಾಯುತ್ತಿದ್ದರು. ಕಾರ್ಡಿನಲ್ಲಿಲ್ಲದ ಒಂದು ಪ್ರಶ್ನೆ ಹುಡುಕಬೇಕಾಗಿತ್ತು.

"ಅವರು ಏನು ಹೇಳಿದ್ದರು?"

"ಬೇಡ ಅಂದಿದ್ದರು."

"ಹಾಗಾದರೆ ಬೇಡ. ಅವರ ಕೈ ಹಿಡ್ಕೊಳ್ಳಿ. ಫೋನ್ ದಿಂಬಿನ ಪಕ್ಕ ಇಡಿ, ಕಟ್ ಮಾಡಬೇಡಿ. ನಾನು ಬರ್ತಿದ್ದೀನಿ, ಲೈನಲ್ಲೂ ಇರ್ತೀನಿ."

ಅತ್ತೆಗೆ ಸನ್ನೆ ಮಾಡಿದೆ. ಡಾಕ್ಟರಿಗೆ ತಿಳಿಸಲು ಅವರು ತಮ್ಮ ಫೋನು ಹುಡುಕತೊಡಗಿದರು. ಬೀದಿಗಿಳಿದ ಮೇಲೆ ನೋಡಿದರೆ ಒಂದು ಚಪ್ಪಲಿ ನನ್ನದು, ಒಂದು ಅತ್ತೆಯದು. ಔಷಧದಂಗಡಿಯ ಮುಂದೆ ಯಾರೋ ಪೆಟ್ಟಿಗೆ ಇಳಿಸುತ್ತಿದ್ದರು. ಕಿವಿಯಲ್ಲಿ ಒಂದು ಉಸಿರು, ಒಂದು ಖಾಲಿ ಜಾಗ, ಇನ್ನೊಂದು ಉಸಿರು. ಪ್ರತಿ ಖಾಲಿ ಜಾಗದಲ್ಲೂ ನಾನು ನಿಂತುಬಿಡುತ್ತಿದ್ದೆ, ನನ್ನ ಹೆಜ್ಜೆ ಸದ್ದಿಗೆ ಅದು ಹೆದರಿ ಹೋದೀತೆಂಬಂತೆ. ದೇವರೇ ಎಂದೆ. ಮುಂದೆ ಏನು ಕೇಳಬೇಕೋ ತೋಚಲಿಲ್ಲ. ಉಳಿಸು ಎಂದರೆ ಅವರ ಮಾತಿಗೆ ವಿರುದ್ಧ. ಕರೆದುಕೋ ಎನ್ನಲು ನಾನು ಯಾರು. ನೀನೂ ಲೈನಲ್ಲಿರು ಎಂದೆ.

ಪರದೆಯ ಹಿಂದೆ ಮಂಚ, ಯಂತ್ರ, ಬಟ್ಟೆ ಚೂರುಗಳ ರಾಶಿ ಹೊತ್ತ ಒಂದು ಸ್ಟೂಲು. ಚೂರುಗಳ ಮೇಲೆಯೇ ಕೂತೆ. ಆಕೆ ಒಂದು ಕೈಯಲ್ಲಿ ಗಂಡನ ಕೈ ಹಿಡಿದಿದ್ದರು, ಇನ್ನೊಂದರಲ್ಲಿ ಫೋನು. ಒತ್ತಲಾ ಎಂದು ಮತ್ತೆ ಕೇಳಿದರು. ಆ ಕೈಯನ್ನು ನಾನು ಹಿಡಿದುಕೊಂಡೆ. ಒತ್ತಬೇಕೆಂದು ನನ್ನ ಹೆಬ್ಬೆರಳೂ ತುಡಿಯುತ್ತಿತ್ತು, ಸುಳ್ಳು ಯಾಕೆ ಬರೆಯಲಿ. ಆಕೆಯ ಗಂಡನ ಹಣೆಯಲ್ಲಿ ನೋವಿನ ಗೆರೆ ಇದೆಯೇ ನೋಡಿದೆ. ಇರಲಿಲ್ಲ. ಒಂದು ಉಸಿರು ಬಂತು. ಇನ್ನೊಂದಕ್ಕೆ ಕಾದೆವು. ಇಬ್ಬರೂ ಬಹಳ ಹೊತ್ತು ಕಾದೆವು.

ಇಷ್ಟು ದೂರ ನಾನು ಯಾವತ್ತೂ ಕೇಳಿರಲಿಲ್ಲ.

ಡಾಕ್ಟರು ಬಂದು ನೋಡಿ ಯಂತ್ರ ಆರಿಸಿದರು. ಆ ಗುಂಯ್ ನಿಂತ ಮೇಲೆ ಟೈಲರಮ್ಮ ಅತ್ತರು. ಡಾಕ್ಟರು ಹೋದರು, ಆಕೆಯ ನಾದಿನಿ ಬಂದರು, ಅಕ್ಕಪಕ್ಕದವರು ಬಂದರು. ಗಂಡ ಹಾಸಿಗೆ ಹಿಡಿದ ಮೇಲೆ ಗುಂಡಿ ಹಚ್ಚುವುದು ಕಲಿತು ಒಂದು ಇಡೀ ಶಾಲೆಯ ಅಂಗಿಗಳಿಗೆ ಗುಂಡಿಯನ್ನು ಸೊಟ್ಟಗೆ ಹಚ್ಚಿದ್ದನ್ನು, ಅವರು ಮಲಗಿದ ಮೇಲೆ ತಾನು ಎಲ್ಲ ಬಿಚ್ಚಿ ನೆಟ್ಟಗೆ ಹಚ್ಚಿದ್ದನ್ನು, ಅದು ಅವರಿಗೆ ಗೊತ್ತೂ ಇದ್ದದ್ದನ್ನು ಆಕೆ ಹೇಳಿದರು. ಇನ್ನೂ ಏನೇನೋ ಹೇಳಿದರು. ಕೇಳಿದೆ.

ಮನೆಗೆ ಬಂದಾಗ ಎಲ್ಲಿಲ್ಲದ ಹಸಿವು. ಅತ್ತೆ ತಟ್ಟೆ ಇಟ್ಟು ಎದುರಿಗೆ ಕೂತರು, ಏನೂ ಕೇಳಲಿಲ್ಲ. ನಾನೇ ಎಲ್ಲ ಹೇಳಿದೆ. ಕೇಳುತ್ತ ಅವರು ನನ್ನ ತಟ್ಟೆಯಿಂದಲೇ ಬ್ರೆಡ್ಡಿನ ಚೂರು ಮುರಿದು ತಿನ್ನುತ್ತಿದ್ದರು.

ಫೆಬ್ರವರಿ ೨೬, ಗುರುವಾರ

ಇವತ್ತಿನ ಅಧ್ಯಯನ ಟೈಲರಮ್ಮನ ಅಂಗಡಿಯಲ್ಲಿ. ಬೇಡ ಎಂದುಕೊಂಡಿದ್ದೆವು, ಆಕೆಯೇ ಹೇಳಿಕಳಿಸಿದರು. ಕೊನೆಯ ಅಧ್ಯಾಯ. ಸೊಸೆಗೆ ಮದುವೆಯಾಗುತ್ತದೆ, ಮಗು ಹುಟ್ಟುತ್ತದೆ, ಅದನ್ನು ಅತ್ತೆಯ ಮಡಿಲಲ್ಲಿ ಇಡುತ್ತಾರೆ. ಪುಸ್ತಕ ಮುಚ್ಚಿದೆವು. ನಾನು ಹೇಳ್ತೀನಿ ಎಂದರು ಟೈಲರಮ್ಮ, ಆದರೆ ಹೇಳಲಿಲ್ಲ, ಕೇಳಿದರು.

"ಮಗು ಬಂತು, ಸರಿ. ಆ ಅತ್ತೆಯ ಗಂಡ ವಾಪಸ್ ಬಂದನಾ?"

ಮೇಷ್ಟ್ರು ನಕ್ಷೆಯೊಳಗೆ ತಲೆ ಹಾಕಿದರು. ನನ್ನ ಹತ್ತಿರ ಒಂದೂ ತಮಾಷೆ ಇರಲಿಲ್ಲ.

"ಇಲ್ಲಮ್ಮ," ಎಂದರು ಅತ್ತೆ.

ಟೈಲರಮ್ಮ ತಲೆದೂಗಿದರು. "ಹಾಗಾದ್ರೆ ಈ ಕಥೆ ನಿಜ ಇರಬೇಕು."

ಮಾರ್ಚ್ ೨, ಸೋಮವಾರ

ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಲ್ಲಿಸಿ ಪ್ರಾರ್ಥನೆ ಮಾಡಿದರು. ನನ್ನ ಆಮೆನ್ ಅವರಿಗಿಂತ ಮೊದಲೇ ಬಂತು, ಬಸ್ಸಿನ ಆತುರ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟಿನಲ್ಲೇ ಕೂತೆ. ಇಳಿದು ವಾಪಸ್ ಹೋಗಬಹುದಿತ್ತು. ಎರಡು ನಿಲ್ದಾಣದಲ್ಲಿ ಹಾಗೆಂದುಕೊಂಡೆ.

ಉದ್ದನೆಯ ಮೇಜಿನ ಆ ಕಡೆ ಮೂವರು: ಸೈರನ್, ಡಾಕ್ಟರಮ್ಮ, ಕೇಂದ್ರ ಕಚೇರಿಯಿಂದ ಬಂದ, ಪೆನ್ನಿನ ಮುಚ್ಚಳ ಕಚ್ಚುವ ಒಬ್ಬ ಅಧಿಕಾರಿ. ನಡುವೆ ಒಂದು ಸ್ಪೀಕರ್. ಮೊದಲು ಕೇಳಿದ್ದು ನನ್ನ ಧ್ವನಿ. ಸೌಜನ್ಯಕ್ಕೇನೂ ಕೊರತೆಯಿಲ್ಲ, ಆದರೆ ಆ ಹೆಂಗಸಿನ ಮಾತು ಕೇಳಿದರೆ ಗಾಡಿಯನ್ನು ಮೊದಲು ಅವಳಿಗೇ ಕಳಿಸಬೇಕು ಅನ್ನಿಸಿತು. ಆಮೇಲೆ ಅವಳೂ ನಿಂತಳು. ಕೇಳಿಸ್ತಿದೆಯಾ ಮೇಡಂ. ಕೇಳಿಸ್ತಿದೆಯಾ. ಮೇಜಿನ ಕೆಳಗೆ ನನ್ನ ಕೈ ನಾನೇ ಹಿಡಿದುಕೊಂಡಿದ್ದೆ.

ಸೈರನ್ ಅಲ್ಲಿಗೆ ನಿಲ್ಲಿಸಿದ. ಇಷ್ಟು ಸಾಕು ಎಂದ, ಅವನ ಮಟ್ಟಿಗೆ ಪಿಸುಮಾತಿನಲ್ಲಿ.

"ನಿಲ್ಲಿಸಬೇಡಿ ಸರ್. ಕೊನೆಯವರೆಗೆ ಹಾಕಿ."

ಮುಂದಿನದು ನಿನ್ನ ಭಾಗವಲ್ಲ, ನಿಯಮ ಗೊತ್ತಲ್ಲ ಎಂದ. ಗೊತ್ತು ಎಂದೆ, ಆದರೂ ಹಾಕಿ ಎಂದೆ. ಅಧಿಕಾರಿ ಮುಚ್ಚಳ ಕಚ್ಚುವುದನ್ನು ನಿಲ್ಲಿಸಿದರು. ಡಾಕ್ಟರಮ್ಮ ತಲೆಯಾಡಿಸಿದರು.

ಏನೋ ಎಳೆದಾಡಿದ ಸದ್ದು. ಪಕ್ಕದ ಕುರ್ಚಿಯವಳ ಧ್ವನಿ, ನಾನಿದ್ದೀನಿ ಸರ್, ಹೇಳಿ, ಉಸಿರಾಡ್ತಿದ್ದಾರಾ. ಆಡ್ತಿದ್ದಾಳೆ, ಕಣ್ಣು ಬಿಟ್ಟಿದ್ದಾಳೆ ಎಂದ ಆ ಮನುಷ್ಯ. ಅಲುಗಾಡಿಸಬೇಡಿ, ತಲೆ ಹಾಗೇ ಇರಲಿ, ಮಾತಾಡಿಸ್ತಾ ಇರಿ ಎಂದಳು ಇವಳು. ಅವನು ಮಾತಾಡಿಸಿದ. ನಡುವೆ, ಹೆಂಡತಿ ಹಾಗೆ ಬಿದ್ದಿರುವಾಗ, ಈ ಕಡೆ ತಿರುಗಿ ಕೇಳಿದ:

"ಮೊದಲು ಮಾತಾಡ್ತಿದ್ದರಲ್ಲ, ಆ ಮೇಡಂಗೆ ಏನಾಯ್ತು? ಅವರು ಹುಷಾರಾಗಿದ್ದಾರಾ?"

ಅದೆಲ್ಲ ಈಗ ಬೇಡ ಸರ್, ನೀವು ಅವರನ್ನೇ ನೋಡಿ ಎಂದಳು ಪಕ್ಕದ ಕುರ್ಚಿಯವಳು. ಬಾಗಿಲು ಬಡಿದ ಸದ್ದು, ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂಬ ನಮ್ಮ ಗಾಡಿಯವರ ದನಿ. ಲೈನ್ ಕಡಿಯಿತು.

ಸೈರನ್ ಸ್ಪೀಕರ್ ಆರಿಸಿದ. ಅಧಿಕಾರಿ, ಮತ್ತೆ ಕರೆ ಎತ್ತಲು ಆಗುತ್ತದೆಯೇ ಎಂದು ಕೇಳಿದರು. ರಾತ್ರಿಯೆಲ್ಲ ಉರು ಹೊಡೆದ ಉತ್ತರ ಒಂದಿತ್ತು, ಸಿಗಲಿಲ್ಲ. ಆಗುತ್ತದೆ ಎಂದೆ. ದಿನಕ್ಕೆ ಒಂದೇ ಪಾಳಿ. ನಾನೇ ಬಂದು ಬೇಡಿದರೂ ಎರಡನೆಯದು ಕೊಡಬೇಡಿ. ಗುರುವಾರ ಸಂಜೆ ಬರುವುದಿಲ್ಲ. ಮತ್ತೆ ಯಾವಾಗಲಾದರೂ ಮಾತು ನಿಂತರೆ ಪಕ್ಕದವಳಿಗೆ ಸನ್ನೆ ಮಾಡುತ್ತೇನೆ, ಆದರೆ ಎದ್ದು ಹೋಗುವುದಿಲ್ಲ.

ಮೂವರೂ ನನ್ನನ್ನು ಹೊರಗೆ ಕೂರಿಸಿ ಮಾತಾಡಿಕೊಂಡರು. ಸೈರನ್ ಬಾಗಿಲಿಂದ ತಲೆ ಹಾಕಿ, ನಾಳೆ ಬೆಳಗಿನ ಪಾಳಿ ಎಂದ. ಒಂದೇ ಎಂದ. ಇಡೀ ಕಾರಿಡಾರು ತಿರುಗಿ ನೋಡಿತು.

ಆ ಮನುಷ್ಯನ ವಿಳಾಸ ಕರೆಯ ಜೊತೆಗೇ ಮುಚ್ಚಿಹೋಗಿದೆ, ತೆಗೆದು ನೋಡುವ ಹಾಗಿಲ್ಲ. ಅವನ ಹೆಂಡತಿಗೆ ಆಮೇಲೇನಾಯಿತೋ ನನಗೆ ಗೊತ್ತಾಗುವುದಿಲ್ಲ. ಅವನು ಕೇಳಿದ್ದಕ್ಕಾದರೂ ಉತ್ತರ ಎಲ್ಲಾದರೂ ಇರಲಿ.

ಹುಷಾರಾಗಿದ್ದಾಳೆ ಸರ್. ಪೂರ್ತಿ ಅಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಬರ್ತಾಳೆ.